ಅಪ್‌ಡೇಟ್: ಸೋಲಾರಿಸ್ 10ರಲ್ಲಿ ಹಳೆಯ ಶೇರ್ಡ್ ಮೆಮೊರಿ ಸಾಲುಗಳು ಬೇಕಾ?

ಸೋಲಾರಿಸ್ ಅನ್ನೋ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಇರುವ ನಮ್ಮ ಹಳೆಯ ಸೋಲಾರಿಸ್ 8 ಸರ್ವರ್‌ನ ಸಿಸ್ಟಮ್ ಫೈಲ್‌ನಲ್ಲಿ (ಬೂಟ್ ಆಗುವಾಗ ಓದುವ ಸೆಟ್ಟಿಂಗ್‌ಗಳ ಫೈಲ್) ಇದ್ದ ಶೇರ್ಡ್ ಮೆಮೊರಿ (ಹಲವು ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ), ಸೆಮಾಫೋರ್ (ಪ್ರೋಸೆಸ್‌ಗಳ ನಡುವೆ ಸರದಿ ಕಾಯುವ ಸಂಕೇತ) ಸಾಲುಗಳನ್ನು ಸೋಲಾರಿಸ್ 10ಕ್ಕೆ ಹಾಗೇ ತರಬೇಕಾ ಅಂತ ಕೇಳಿದ್ದೆ. ಬೇಡ. ಎಲ್ಲವನ್ನೂ ತೆಗೆದಿದ್ದೇನೆ, ಡೇಟಾಬೇಸ್ ಚೆನ್ನಾಗಿ ಓಡುತ್ತಿದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

2005ರಲ್ಲಿ ಬಂದ ಸೋಲಾರಿಸ್ 10ರಿಂದ ಈ ಮಿತಿಗಳನ್ನು ರಿಸೋರ್ಸ್ ಕಂಟ್ರೋಲ್‌ಗಳು, ಅಂದರೆ ಸಿಸ್ಟಮ್ ಓಡುತ್ತಿರುವಾಗಲೇ ಬದಲಿಸಬಹುದಾದ ಮಿತಿಗಳು, ನೋಡಿಕೊಳ್ಳುತ್ತವೆ. ಆದರೆ ಹಳೆಯ ಸಂಖ್ಯೆಯನ್ನೇ ನಕಲು ಮಾಡಬೇಡಿ. ಹಿಂದಿನ ಶ್ಮ್‌ಮ್ಯಾಕ್ಸ್ ಒಂದು ಸೆಗ್ಮೆಂಟ್‌ನ (ಶೇರ್ಡ್ ಮೆಮೊರಿಯ ಒಂದು ತುಂಡು) ಗರಿಷ್ಠ ಗಾತ್ರ. ಈಗಿನ ಮ್ಯಾಕ್ಸ್-ಶ್ಮ್-ಮೆಮೊರಿ ಇಡೀ ಪ್ರಾಜೆಕ್ಟ್‌ನ (ಒಟ್ಟಿಗೆ ಲೆಕ್ಕ ಹಾಕುವ ಪ್ರೋಸೆಸ್‌ಗಳ ಗುಂಪು) ಒಟ್ಟು ಮಿತಿ. ಎರಡೂ ಒಂದೇ ಅಲ್ಲ ಅಲ್ವಾ? ಡೀಫಾಲ್ಟ್ ಆಗಿ ಭೌತಿಕ ಮೆಮೊರಿಯ ಕಾಲು ಭಾಗ ಸಿಗುತ್ತದೆ. ನಮ್ಮ ಡೇಟಾಬೇಸ್‌ಗೆ ಅದಕ್ಕಿಂತ ಜಾಸ್ತಿ ಬೇಕಿತ್ತು. ಹಾಗಾಗಿ ಅದರ ಯೂಸರ್‌ಗೆ ಬೇರೆ ಪ್ರಾಜೆಕ್ಟ್ ಮಾಡಿ, ಪ್ರಾಜ್‌ಮಾಡ್ ಕಮಾಂಡ್‌ನಿಂದ ಮಿತಿ ಏರಿಸಿದೆ. ರೀಬೂಟ್ ಬೇಕಾಗಲಿಲ್ಲ, ಇದು ನಿಜಕ್ಕೂ ದೊಡ್ಡ ನೆಮ್ಮದಿ.

ಸೆಮಾಫೋರ್‌ಗಳಿಗೆ ಡೀಫಾಲ್ಟೇ ಸಾಕಾಯಿತು. ಹಳೆಯ ಫೈಲ್‌ನ ಶ್ಮ್‌ಮಿನ್ (ಸೆಗ್ಮೆಂಟ್‌ನ ಕನಿಷ್ಠ ಗಾತ್ರ), ಶ್ಮ್‌ಸೆಗ್ (ಒಂದು ಪ್ರೋಸೆಸ್‌ಗೆ ಎಷ್ಟು ಸೆಗ್ಮೆಂಟ್) ಸಾಲುಗಳಿಗೆ ಈಗ ಕೆಲಸವೇ ಇಲ್ಲ.

ಎರಡು ವಿಷಯ ಗಮನಿಸಿ. ಹಳೆಯ ಶ್ಮ್‌ಮ್ಯಾಕ್ಸ್ ಸಾಲನ್ನು ಸುಮ್ನೆ ಬಿಟ್ಟರೆ ಸಿಸ್ಟಮ್ ಅದನ್ನು ಓದಿ ಹೊಸ ಡೀಫಾಲ್ಟ್ ಬದಲಿಸುತ್ತದೆ, ಆಮೇಲೆ ಕಾರಣ ಹುಡುಕುವುದು ಕಷ್ಟ. ಇನ್ನು, ಪ್ರಾಜೆಕ್ಟ್ ಫೈಲ್‌ನ (ಪ್ರಾಜೆಕ್ಟ್‌ಗಳ ಮಿತಿ ಬರೆದಿಡುವ ಫೈಲ್) ಬದಲಾವಣೆ ಈಗಾಗಲೇ ಓಡುತ್ತಿರುವ ಪ್ರೋಸೆಸ್‌ಗಳಿಗೆ ತಟ್ಟುವುದಿಲ್ಲ. ಹೊಸದಾಗಿ ಲಾಗಿನ್ ಆಗಿ ಡೇಟಾಬೇಸ್ ಶುರು ಮಾಡಿ, ನಂತರ ಪಿಆರ್‌ಸಿಟಿಎಲ್ ಕಮಾಂಡ್‌ನಲ್ಲಿ ಮಿತಿ ನೋಡಿ.