ಸಹಾಯ ಬೇಕು: ಕಡಪಾ ಕಲ್ಲಿನ ಮ್ಯಾಲೆ ಗ್ರಾನೈಟ್ ಟೈಲ್ ಕೂರಿಸೋದು ಹೆಂಗ?

ಎಲ್ಲರಿಗೂ ನಮಸ್ಕಾರ್ರೀ. ನಮ್ದು ಕೊಪ್ಪಳ ಜಿಲ್ಲಾ ಕುಷ್ಟಗಿ. ಅಡಿಗಿಮನಿ ಗ್ಯಾಸ್ ಕಟ್ಟಿಗೆ ಹಾಕಿದ ಹಳೇ ಕಡಪಾ ಕಲ್ಲು ಹುಣಸಿಹುಳಿ, ನಿಂಬಿರಸ ಬಿದ್ದು ಬಿದ್ದು ಬೆಳ್ಳಗ ಕಲೆ ಆಗೈತಿ. ಕಡಪಾ ಅಂದ್ರ ಸುಣ್ಣದ ಕಲ್ಲು ನೋಡ್ರಿ, ಹುಳಿ ಅದನ್ನ ತಿಂದುಬಿಡತೈತಿ. ಅದನ್ನ ಕೀಳದ, ಮ್ಯಾಲೆ ಒಂದಡಿ ಚೌಕದ ಇಳಕಲ್ ಕೆಂಪು ಗ್ರಾನೈಟ್ ಟೈಲ್ ನಾನೇ ಕೂರಿಸಬೇಕಂತ ತಂದೀನಿ. ಕಟ್ಟಿ ಈಗ 32 ಇಂಚು ಎತ್ತರ, ಸ್ವಲ್ಪ ಏರಿದ್ರೂ ಅವ್ವಗ ನಡಿತೈತಿ.

ತ್ರಾಸು ಇರೋದು ಇಲ್ಲಿ. ಕಡಪಾ ಭಾಳ ನುಣುಪು. ಗೌಂಡಿ ಒಬ್ರು ಸಿಮೆಂಟ್ ಹಾಲು ಸುರುವಿ ಕೂರಿಸ್ರಿ, ಸಾಕು ಅಂದ್ರು. ಒಂದು ಟೈಲ್ ಹಂಗೇ ಕೂರಿಸಿ ನೋಡಿದೆ, ನಾಕನೇ ದಿನಕ್ಕ ಎದ್ದು ಕೈಗೆ ಬಂತು. ಕಲ್ಲನ್ನ ಗ್ರೈಂಡರ್‌ಲೆ ಗೀರಿ ಒರಟು ಮಾಡಿ, ಎಣ್ಣಿ ಜಿಡ್ಡು ತೊಳದು, ಪಾಲಿಮರ್ ಇರೋ ಟೈಲ್ ಅಂಟು ಹಚ್ಚಿದ್ರ ಗಟ್ಟಿ ಹಿಡಿತೈತೇನ್ರಿ? ಮಾಡಿದವ್ರು ದಯವಿಟ್ಟು ಹೇಳ್ರಿ.

ಸಿಂಕ್ ಕೂರೋ ಜಾಗಾದ ಮೂಲಿಗೆ ಟೈಲ್‌ನ್ಯಾಗ ಮೊದಲು ದುಂಡಗ ತೂತು ಕೊರದು ಆಮ್ಯಾಲೆ ಕೊಯ್ಯೋನಂತೀನಿ, ಇಲ್ಲಾಂದ್ರ ಅಲ್ಲಿಂದನ ಬಿರುಕು ಬಿಡತೈತಿ. ಟೈಲ್ ಸಂದಿಗೆ ಎಪಾಕ್ಸಿ ಗ್ರೌಟನ್ನ (ಸಂದಿ ತುಂಬೋ ರಾಳದ ಮಸಾಲಿ) ತುಂಬಾವ, ಸಿಮೆಂಟ್ ಗ್ರೌಟ್ ಅರಿಶಿಣ ಕುಡಿತೈತಿ.

ನೀರು ಬಿಟ್ಟು ಕೊಯ್ಯೋ ಮಷಿನ್ ಕುಷ್ಟಗಿ ಕಡೆ ಯಾರಾದ್ರೂ ಎರಡು ದಿನ ಬಾಡಿಗಿಗೆ ಕೊಡ್ತೀರೇನ್ರಿ?