ಓದುಗರ ಸ್ಪಂದನ: ಆಕೆಯನ್ನು ಅಬುಧಾಬಿಗೆ ಕರೆದುಕೊಂಡು ಹೋಗಬಹುದಾ?

ಕಳೆದ ಸಂಚಿಕೆಯಲ್ಲಿ ಅಬುಧಾಬಿಯಿಂದ ಓದುಗಿಯೊಬ್ಬರು ಬರೆದಿದ್ದರು. ತವರು ಹೊಸನಗರ ತಾಲ್ಲೂಕು. ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕೆಲಸ. ಎರಡನೇ ಮಗುವಿಗೆ ಮೂರು ತಿಂಗಳು, ರಜೆ ಮುಗಿಯುತ್ತಾ ಬಂದಿದೆ. ಅತ್ತೆಗೆ ಮಂಡಿನೋವು. ತವರಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿರುವ ಹೆಂಗಸನ್ನು ಕರೆದುಕೊಂಡು ಹೋಗಿ ಮನೆಯಲ್ಲೇ ಇಟ್ಟುಕೊಳ್ಳುವ ಯೋಚನೆ. ಆಕೆಗೆ 34 ವರ್ಷ, ಓದಿದ್ದು ಏಳನೇ ಕ್ಲಾಸು. ಗಂಡ ಬಿಟ್ಟು ಹೋಗಿದ್ದಾನೆ. ಎಂಟನೇ ಕ್ಲಾಸಿನ ಮಗಳಿದ್ದಾಳೆ, ‘ಅವಳು ಅಜ್ಜಿ ಮನೆಯಲ್ಲಿ ಇರುತ್ತಾಳೆ’. ತಾಯಿ ಹೇಳುವುದು, ‘ನಮ್ಮನೆಯವಳ ಹಾಗೇ, ಹೇಳಿದರೆ ಬರ್ತಾಳೆ’ ಅಂತ. ಆಕೆಯನ್ನು ಕೇಳಿದರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನೆಲ ನೋಡಿಕೊಂಡು ನಕ್ಕಳಂತೆ. ಏಜೆಂಟನೊಬ್ಬ ‘ಮೊದಲು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳಿ, ಆಮೇಲೆ ನೋಡೋಣ’ ಅಂದಿದ್ದಾನೆ. ಕರೆದುಕೊಂಡು ಹೋಗುವುದು ಸರಿಯಾ? ಸಂಬಳ ಎಷ್ಟು ಕೊಡಬೇಕು?

ಪತ್ರಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದವು. ಆ ನಗುವಿನ ಬಗ್ಗೆ ಬರೆದವರು ಕಡಿಮೆ.

*

ಸಂಬಳ ಎಷ್ಟು ಅಂತ ಪತ್ರಿಕೆಯನ್ನು ಯಾಕೆ ಕೇಳುತ್ತೀರಿ? ಆಕೆಯನ್ನು ಕೇಳಿ. ಮನೆಕೆಲಸದವರಿಗೂ ಕನಿಷ್ಠ ವೇತನ ಅಂತ ಕರ್ನಾಟಕದಲ್ಲಿ 2004ರಲ್ಲೇ ಆದೇಶ ಆಗಿದೆ. ನಿಮ್ಮ ತವರಿನಲ್ಲಿ ಹನ್ನೊಂದು ವರ್ಷ ಅಷ್ಟು ಕೊಟ್ಟಿದ್ದೀರಾ? ಇಲ್ಲದಿದ್ದರೆ ಮೊದಲು ಆ ಬಾಕಿ ಲೆಕ್ಕ ಹಾಕಿ.

– ನಿವೃತ್ತ ನೌಕರ, ಭದ್ರಾವತಿ

*

ಮಾತು ಒರಟು, ಲೆಕ್ಕ ಸರಿ. ಇನ್ನು ಕಾಗದಪತ್ರದ ವಿಷಯ ಬಲ್ಲವರೊಬ್ಬರು.

*

ತಂಗೀ, ಆ ಏಜೆಂಟನ ನಂಬರನ್ನು ಇವತ್ತೇ ಅಳಿಸಿಹಾಕು. ವಿಸಿಟ್ ವೀಸಾ ಅಂದರೆ ಬಂದು ನೋಡಿಕೊಂಡು ಹೋಗುವ ವೀಸಾ. ಅದರಲ್ಲಿ ಬಂದವಳ ಕೈಲಿ ಕೆಲಸ ಮಾಡಿಸಿದರೆ ಕಾನೂನು ಪ್ರಕಾರ ಅಪರಾಧ. ದಂಡ ಲಕ್ಷಗಟ್ಟಲೆ ರೂಪಾಯಿ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಆಕೆಗೆ ಏನಾದರೂ ಆದರೆ ಆಕೆ ಇಲ್ಲಿ ಕೆಲಸಕ್ಕಿದ್ದಳು ಅನ್ನುವುದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್ ಪಾಸ್‌ಪೋರ್ಟು, ಅಂದರೆ ‘ಎಮಿಗ್ರೇಷನ್ ತಪಾಸಣೆ ಬೇಕು’ ಅನ್ನುವ ಪಾಸ್‌ಪೋರ್ಟು. ಅದನ್ನು ಇಟ್ಟುಕೊಂಡು ಯುಎಇ, ಕುವೈತ್, ಸೌದಿ ಕಡೆಗೆಲ್ಲ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಹೆಂಗಸರಿಗೆ 30 ವರ್ಷ ಆಗಿರಬೇಕು, ಆಕೆಗೆ ಆ ತೊಡಕಿಲ್ಲ. ಕೆಲಸದ ಕರಾರು ಇ-ಮೈಗ್ರೇಟ್ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ದಾಖಲಾಗಬೇಕು. ಜತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಒಂದು ವಿಮೆ ಇದೆ. ಎರಡು ವರ್ಷಕ್ಕೆ ಕಂತು ತೆರಿಗೆ ಬಿಟ್ಟು 275 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ. ‘ಹತ್ತನೇ ಕ್ಲಾಸಿನ ಸರ್ಟಿಫಿಕೇಟ್ ನಾವೇ ಮಾಡಿಸಿಕೊಡ್ತೀವಿ’ ಅಂತ ಯಾರಾದರೂ ಅಂದರೆ ಅವರನ್ನೂ ದೂರ ಇಡು.

ಇಲ್ಲಿ ಯುಎಇಯಲ್ಲಿ ಮನೆಕೆಲಸದವರಿಗೇ ಬೇರೆ ಕಾನೂನು ಇದೆ, ಈಗಿರುವುದು 2022ರದ್ದು. ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಒಂದೇ ಸಮನೆ. ವಾರಕ್ಕೊಂದು ದಿನ ಸಂಬಳ ಸಹಿತ ರಜೆ. ವರ್ಷಕ್ಕೆ 30 ದಿನ ರಜೆ. ಪಾಸ್‌ಪೋರ್ಟು ಆಕೆಯ ಹತ್ತಿರವೇ ಇರಬೇಕು. ಕರೆಸಿಕೊಳ್ಳುವ ಖರ್ಚನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಮೂರು ತಿಂಗಳ ಕೂಸಿರುವ ಮನೆಯಲ್ಲಿ ಆ ಒಂದೇ ಸಮನೆಯ 8 ಗಂಟೆ ಎಲ್ಲಿಂದ ಬರುತ್ತದೆ? ರಾತ್ರಿ ನೀವಿಬ್ಬರು ಎದ್ದರೆ ಬರುತ್ತದೆ. ಅದನ್ನು ಗಂಡನ ಹತ್ತಿರ ಈಗಲೇ ಮಾತಾಡಿಕೋ.

ನನ್ನ ಪರಿಚಯದವರೊಬ್ಬರು ನೀನು ಅಂದುಕೊಂಡ ಹಾಗೇ ಮಾಡಲು ಹೋಗಿದ್ದರು. ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್‌ನವನು ಆ ಹೆಂಗಸನ್ನು ‘ಅಲ್ಲಿ ಯಾರಮ್ಮಾ ಇದ್ದಾರೆ ನಿಮಗೆ?’ ಅಂತ ಕೇಳಿದ. ಹೇಳಿಕೊಟ್ಟ ಹಾಗೆ ‘ನಮ್ಮಕ್ಕ’ ಅಂದಳು. ‘ಅಕ್ಕನ ಹೆಸರು?’ ಅಂದ. ಆಕೆ ಸ್ವಲ್ಪ ಹೊತ್ತು ಯೋಚನೆ ಮಾಡಿ ‘ಅಮ್ಮಾವ್ರು’ ಅಂದಳು. ಅಲ್ಲಿಗೆ ಮುಗಿಯಿತು. ಬ್ಯಾಗು ಹಿಡಿದುಕೊಂಡು ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ವಾಪಸ್ಸು. ಅವರ ಹೆಸರೇ ಆಕೆಗೆ ಗೊತ್ತಿರಲಿಲ್ಲ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿ.

– ತೀರ್ಥಹಳ್ಳಿಯವನು, ಈಗ ದುಬೈ

*

ಎಲ್ಲರಿಗೂ ಅಬುಧಾಬಿಯ ಕೂಸಿನದೇ ಚಿಂತೆ. ಹೊಸನಗರದ ಅಮ್ಮನ ಗತಿ ಏನು? ನನಗೆ 76, ನನ್ನಾಕೆಗೆ 70. ಮಗ ಬೆಂಗಳೂರು, ಮಗಳು ಅಮೆರಿಕ. ಕೊನೆ ಕೊಯ್ಲಿಗೆ ಜನ ಇಲ್ಲ. ಮುಂಚೆ ಅಂಗಳದ ತುಂಬ ಮೆಟ್ಟುಕತ್ತಿ ಇಟ್ಟುಕೊಂಡು ನಡುರಾತ್ರಿ ತನಕ ಹರಟುತ್ತಾ ಅಡಿಕೆ ಸುಲಿಯುತ್ತಿದ್ದರು. ಈಗ ಮಷಿನ್ನಿನವನು ಬರುವ ತನಕ ಕಾಯಬೇಕು. ನಾನೇನೋ ಕಾಯುತ್ತೇನೆ, ಹಸಿ ಅಡಿಕೆ ಕಾಯುತ್ತಾ? ಮನೆಯೊಳಗಿನ ಕೆಲಸಕ್ಕೆ ಬರುವುದು ಒಬ್ಬಳೇ. ಅವಳೂ ಭೂಮಿ ಹುಣ್ಣಿಮೆ ಬಂತೆಂದರೆ ಮೂರು ದಿನ ಇಲ್ಲ, ಬುಟ್ಟಿಗೆ ಚಿತ್ತಾರ ಬರೆಯಬೇಕಂತೆ. ಬರೆಯಲಿ ಬಿಡಿ, ಚೆನ್ನಾಗೇ ಬರೆಯುತ್ತಾಳೆ. ಆ ಮೂರು ದಿನ ನಮಗೆ ಗಂಜಿ, ಮಿಡಿ ಉಪ್ಪಿನಕಾಯಿ.

ಕರೆದುಕೊಂಡು ಹೋಗಬೇಡ ಮಗಾ. ‘ಕರಕೊಂಡು ಹೋಗು, ನಮಗೇನೂ ತೊಂದರೆ ಇಲ್ಲ’ ಅಂತ ನಿನ್ನ ತಾಯಿ ಅಂದಿರಬಹುದು. ನಾವೂ ಮಗಳಿಗೆ ಫೋನಿನಲ್ಲಿ ಹೇಳುವುದು ಅದನ್ನೇ.

– ಹಿರಿಯ ಓದುಗರು, ಕೊಪ್ಪ

*

ಅಲ್ಲಿ ಕ್ರೆಷ್ ಇಲ್ವಾ?

– ಶಿಕಾರಿಪುರ

*

ಕೊಪ್ಪದ ಹಿರಿಯರ ಕಷ್ಟ ಅರ್ಥವಾಗುತ್ತದೆ. ಆದರೆ ಅಬುಧಾಬಿಯ ಕೂಸು, ಹೊಸನಗರದ ಅಮ್ಮ ಇಬ್ಬರೇ ಅಲ್ಲ, ಇಲ್ಲಿ ಇನ್ನೂ ಇಬ್ಬರಿದ್ದಾರೆ. ಮುಂದಿನ ಪತ್ರವನ್ನು ಚಿಕ್ಕದು ಮಾಡಲು ಕೂತೆವು. ಆಗಲಿಲ್ಲ, ಹಾಗೇ ಹಾಕಿದ್ದೇವೆ.

*

‘ಅವಳು ಅಜ್ಜಿ ಮನೆಯಲ್ಲಿ ಇರುತ್ತಾಳೆ.’ ನಿಮ್ಮ ಪತ್ರದಲ್ಲಿ ಆ ಮಗಳಿಗೆ ಸಿಕ್ಕಿದ್ದು ಇದೊಂದೇ ಸಾಲು. ನಾನು ಬೆಳೆದದ್ದು ಆ ಸಾಲಿನಲ್ಲಿ.

2001ರಲ್ಲಿ ನಾನು ಐದನೇ ಕ್ಲಾಸು. ಅಪ್ಪ ಅಡಿಕೆ ಮರ ಹತ್ತುವವರು. ಕೊಳೆರೋಗಕ್ಕೆ ಔಷಧಿ ಹೊಡೆಯಲು ಹತ್ತಿದಾಗ ಜಾರಿ ಬಿದ್ದು ತೀರಿಕೊಂಡರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಮನೆಯ ದೊಡ್ಡ ಮಗ–ಸೊಸೆ ಕುವೈತಿನಲ್ಲಿದ್ದರು. ಎರಡು ವರ್ಷ ಅಂತ ಹೇಳಿ ಕರೆದುಕೊಂಡು ಹೋದರು. ಅಮ್ಮ ವಾಪಸ್ ಬಂದದ್ದು 2007ರಲ್ಲಿ. ಆಗ ನಾನು ಪಿಯುಸಿ.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆದಿಲ್ಲ, ಉಪವಾಸ ಕೆಡವಿಲ್ಲ, ಸಂಬಳ ತಪ್ಪಿಸಿಲ್ಲ. ಪಾಸ್‌ಪೋರ್ಟು ‘ಭದ್ರವಾಗಿರಲಿ’ ಅಂತ ಅವರ ಬೀರುವಿನಲ್ಲಿ ಇತ್ತು. ಅಮ್ಮ ಮಲಗುತ್ತಿದ್ದದ್ದು ಮಕ್ಕಳ ರೂಮಿನಲ್ಲಿ, ನೆಲದ ಮೇಲೆ. ಮಗು ಅತ್ತರೆ ಏಳಬೇಕಲ್ಲ. ಊರಿಗೆ ಹೋಗಬೇಡ ಅಂತ ಯಾರೂ ಅನ್ನಲಿಲ್ಲ. ಎರಡು ವರ್ಷ ಆದಾಗ ದೊಡ್ಡ ಹುಡುಗನ ಪರೀಕ್ಷೆ. ಅದು ಮುಗಿಯುವಷ್ಟರಲ್ಲಿ ಅವರಿಗೆ ಇನ್ನೊಂದು ಹೆರಿಗೆ. ಆಮೇಲೆ ಟಿಕೆಟ್ ದುಬಾರಿ. ಪ್ರತಿ ಸಲವೂ ಕಾರಣ ಸರಿಯಾಗಿಯೇ ಇರುತ್ತಿತ್ತು. ಮನೆಕೆಲಸದವರಿಗೆ ವಾರದ ರಜೆ, ವರ್ಷದ ರಜೆ ಕೊಡಬೇಕು ಅಂತ ಕುವೈತಿನಲ್ಲಿ ಕಾನೂನು ಬಂದದ್ದು 2015ರಲ್ಲಿ ಅಂತ ಮೊನ್ನೆ ಓದಿದೆ. ಅಮ್ಮನಿಗೆ ಹೇಳಲಿಲ್ಲ.

ಶುಕ್ರವಾರ ಸಂಜೆ ಆರು ಗಂಟೆಗೆ ಪೇಟೆಯ ಎಸ್‌ಟಿಡಿ ಬೂತಿಗೆ ಫೋನ್ ಬರುತ್ತಿತ್ತು. ಅಜ್ಜಿ ಐದಕ್ಕೇ ಹೊರಡಿಸುತ್ತಿದ್ದಳು. ಮಳೆಗಾಲದಲ್ಲಿ ಇಬ್ಬರಿಗೂ ಒಂದೇ ಛತ್ರಿ. ನಾನು ಶಾಲೆಯ ವಿಷಯ ಎಲ್ಲ ಬಡಬಡ ಹೇಳುತ್ತಿದ್ದೆ. ಆ ಕಡೆಯಿಂದ ಬರೀ ‘ಹೂಂ… ಹೂಂ… ಚೆನ್ನಾಗಿ ಓದು’. ಅಮ್ಮನಿಗೆ ನನ್ನ ಮೇಲೆ ಏನೋ ಸಿಟ್ಟು ಅಂತಲೇ ನಾನು ತಿಳಿದಿದ್ದೆ. ಫೋನ್ ಇದ್ದದ್ದು ಅವರ ಹಾಲಿನಲ್ಲಿ, ಟೀವಿ ಪಕ್ಕ. ರಜೆಯ ದಿನ ಮನೆಯವರೆಲ್ಲ ಅಲ್ಲೇ ಕೂತಿರುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ನನಗೇ ಮಗು ಹುಟ್ಟಿದ ಮೇಲೆ. ನಾನು ದೊಡ್ಡವಳಾದ ಸುದ್ದಿಯನ್ನು ಅಜ್ಜಿ ಫೋನಿನಲ್ಲಿ ಹೇಳಲಿಲ್ಲ, ಬೂತಿನವನು ಎದುರಿಗೇ ಕೂತಿದ್ದ. ಆರು ತಿಂಗಳಾದ ಮೇಲೆ ಊರಿನಿಂದ ಹೋದವರು ಯಾರೋ ಅಮ್ಮನಿಗೆ ಹೇಳಿದರು.

ಬಂದ ಮರುದಿನ ಬೆಳಿಗ್ಗೆ ಅಮ್ಮ ದೋಸೆ ಹುಯ್ದಳು. ಕೆಂಪಗೆ, ಗರಿಗರಿ, ಅಂಚು ಎದ್ದ ದೋಸೆ. ಸುರುಳಿ ಸುತ್ತಿ ತಟ್ಟೆಗೆ ಹಾಕಿದಳು. ನನಗೆ ಸಣ್ಣವಳಿದ್ದಾಗಿನಿಂದ ಮೆತ್ತನೆ ದೋಸೆಯೇ ಬೇಕು, ಮಗುಚಿ ಹಾಕದೆ ಒಂದೇ ಕಡೆ ಬೇಯಿಸಿದ್ದು. ಅಜ್ಜಿ ಬಾಯಿ ತೆಗೆಯುವಷ್ಟರಲ್ಲಿ ನಾನು ತಿಂದುಬಿಟ್ಟೆ. ಗರಿಗರಿ ಬೇಕಾಗಿದ್ದದ್ದು ಅಲ್ಲಿಯ ಚಿಕ್ಕ ಹುಡುಗನಿಗೆ. ಅಮ್ಮನೇ ಆಮೇಲೆ ಹೇಳಿದಳು, ಬಹಳ ಪ್ರೀತಿಯಿಂದ. ಅವನ ಹೆಸರು ಕೇಳಿದರೆ ನನಗೆ ಈಗಲೂ ಒಂಥರಾ ಆಗುತ್ತದೆ. ಅವನದೇನು ತಪ್ಪು?

ಅಮ್ಮ ಈಗ ನನ್ನ ಜತೆ ಇದ್ದಾಳೆ. ಎಲ್ಲರ ಊಟ ಆಗಿ ಪಾತ್ರೆ ತೊಳೆದ ಮೇಲೇ ತಟ್ಟೆ ಹಾಕಿಕೊಳ್ಳುವುದು, ಅದೂ ಅಡುಗೆಮನೆ ಬಾಗಿಲಲ್ಲಿ. ನನ್ನ ಗಂಡ ಕರೆದೂ ಕರೆದೂ ಸುಮ್ಮನಾದರು.

ಹಾಗಂತ ಕರೆದುಕೊಂಡು ಹೋಗಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ದುಡ್ಡಿನಲ್ಲೇ ನಮ್ಮ ಸೋಗೆ ಮನೆಗೆ ಹಂಚು ಬಂತು. ನಾನು ಬಿಎಡ್ ಮಾಡಿದೆ, ಟೀಚರ್ ಆದೆ. ನನ್ನದು ಇಷ್ಟೇ. ವಾಪಸ್ ಕಳಿಸುವ ತಾರೀಕನ್ನು ಹೊರಡುವ ಮುಂಚೆಯೇ ಬರೆದಿಡಿ, ಒಂದು ಪ್ರತಿ ಮಗಳಿಗೂ ಕೊಡಿ. ನಿಮ್ಮ ಮನೆಯಲ್ಲಿ ಏನೇ ಇದ್ದರೂ ಆ ತಾರೀಕಿಗೆ ಕಳಿಸಿ. ಫೋನು ಆಕೆಯದೇ ಇರಲಿ. ಆಕೆ ಬಾಗಿಲು ಹಾಕಿಕೊಂಡು ಮಾತಾಡಲಿ.

– ಸೊರಬ ತಾಲ್ಲೂಕಿನ ಮಗಳು

*

ಸಿಂಗಪುರದಿಂದ ಬಂದದ್ದು ಚಿಕ್ಕ ಪತ್ರ. ಇಷ್ಟು ನೇರವಾಗಿ ಬರೆದವರು ಕಡಿಮೆ.

*

ನಮ್ಮ ಮನೆಯಲ್ಲಿ ಒಬ್ಬರು ಆರು ವರ್ಷದಿಂದ ಇದ್ದಾರೆ. ಇಲ್ಲಿ ಎಲ್ಲದಕ್ಕೂ ನಿಯಮ. ಕೆಲಸಕ್ಕೆ ಬರುವವರಿಗೆ 23 ವರ್ಷ ಆಗಿರಬೇಕು, ಎಂಟು ವರ್ಷ ಶಾಲೆಗೆ ಹೋಗಿರಬೇಕು, ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ. 2023ರಿಂದ ಇನ್ನೊಂದು ಬಂತು: ತಿಂಗಳಿಗೆ ಒಂದು ರಜೆಯನ್ನಾದರೂ ದುಡ್ಡು ಕೊಟ್ಟು ತಪ್ಪಿಸುವಂತಿಲ್ಲ. ಅದಕ್ಕೂ ಮುಂಚೆ ನಾನು ದುಡ್ಡು ಕೊಟ್ಟು ತಪ್ಪಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ಹೊರಗೆ ಹೋದ ಮೊದಲ ಭಾನುವಾರ, ಮಗುವಿನ ಬಾಟಲಿ ಕುದಿಸುವ ಪಾತ್ರೆ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ, ನಮ್ಮನೆಯವರಿಗೂ ಗೊತ್ತಿಲ್ಲ. ಇದ್ದದ್ದು ಸಿಂಕಿನ ಕೆಳಗೆ. ನಮ್ಮದೇ ಅಡುಗೆಮನೆ!

– ಸಾಗರದವಳು, ಸಿಂಗಪುರ

*

ಕೊನೆಯ ಪತ್ರ ನೋಟ್‌ಬುಕ್ಕಿನ ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ ಬಂತು. ಕಾಗುಣಿತ ಮಾತ್ರ ತಿದ್ದಿದ್ದೇವೆ.

*

ನಾನು ಹೇಳಿದ್ದು, ಮಗ ಬರೆದದ್ದು. ವಿನೋಬನಗರದಲ್ಲಿ ನಾಲ್ಕು ಮನೆ ಕೆಲಸ ಮಾಡ್ತೀನಿ. ಒಂದು ಮನೆಯವರು ಹಳೇ ಪತ್ರಿಕೆ ಕೊಡ್ತಾರೆ, ಮಗ ಓದಿ ಹೇಳ್ತಾನೆ.

ಅಕ್ಕಾ, ಆಕೆ ನೆಲ ನೋಡಿ ನಕ್ಕಳು ಅಂತ ಬರೆದಿದ್ದೀರಿ. ನಿಮ್ಮ ತಾಯಿ ಅಲ್ಲೇ ಇದ್ದರು ಅಲ್ವಾ? ಅವರ ಎದುರಿಗೆ ಬರ್ತೀನಿ ಅಂದರೆ ‘ನಮ್ಮನ್ನ ಬಿಟ್ಟು ಹೋಗೋಕೆ ಕಾಯ್ತಾ ಇದ್ದಳು’ ಅಂತಾರೆ. ಬರಲ್ಲ ಅಂದರೆ ‘ಇಷ್ಟು ವರ್ಷ ಉಂಡಿದ್ದು ಮರೆತಳು’ ಅಂತಾರೆ. ನಗದೆ ಇನ್ನೇನು ಮಾಡ್ತಾಳೆ? ನಾವೂ ಹಂಗೇ ನಗೋದು.

ಆಕೆ ಒಬ್ಬಳೇ ಇದ್ದಾಗ ಕೇಳಿ. ಮಗಳು ಪಕ್ಕದಲ್ಲಿ ಇದ್ದರೆ ಇರಲಿ. ಆಕೆ ಬಾಯಿ ಬಿಟ್ಟು ಕೇಳಲ್ಲ, ಅದಕ್ಕೆ ನಾನು ಕೇಳ್ತೀನಿ. ಮಲಗೋ ರೂಮಿಗೆ ಒಳಗಿಂದ ಚಿಲಕ ಇದೆಯಾ? ಸಂಬಳ ಆಕೆ ಬ್ಯಾಂಕಿಗೆ ಹೋಗುತ್ತೋ, ಅಮ್ಮಾವ್ರ ಕೈಗೆ ಹೋಗಿ ಆಮೇಲೆ ಆಕೆಗೆ ಬರುತ್ತೋ? ಅಲ್ಲಿ ಒಗ್ಗಲಿಲ್ಲ ಅಂದರೆ ಯಾರ ಕಾಲೂ ಹಿಡೀದೆ ವಾಪಸ್ ಬರಬಹುದಾ?

ಪತ್ರಿಕೆ ಕೊಟ್ಟ ಅಮ್ಮಾವ್ರು ‘ಪಾಪ, ಅಷ್ಟು ದೂರ ಕರಕೊಂಡು ಹೋಗಬಾರದು’ ಅಂದರು. ಇಲ್ಲಿ ನಾಲ್ಕು ಮನೆ ಒರೆಸಿ ಬೆನ್ನು ಹಿಡಿದುಬಿಟ್ಟಿದೆ, ಸಂಘದ ಸಾಲ ಹಂಗೇ ಇದೆ. ಅದಕ್ಕೆ ಯಾರೂ ಪಾಪ ಅನ್ನಲಿಲ್ಲ.

ಆಕೆ ಬರಲ್ಲ ಅಂದರೆ ನನಗೆ ತಿಳಿಸಿ. ನನಗೆ 41. ಆರನೇ ಕ್ಲಾಸ್ ತನಕ ಹೋಗಿದ್ದೀನಿ. ಮಕ್ಕಳನ್ನ ಸಾಕಿ ಗೊತ್ತು. ಮಗನಿಗೆ 19, ನನ್ನ ಬಿಟ್ಟು ಇರ್ತಾನೆ. (ಇರ್ತೀನಿ. – ಮಗ)

– ಶಿವಮೊಗ್ಗ

*

ಈ ಪತ್ರದ ಜತೆ ಫೋನ್ ನಂಬರೂ ಇತ್ತು, ಅಚ್ಚು ಹಾಕಿಲ್ಲ. ಬೇಕಾದವರು ನಮಗೆ ಬರೆಯಬಹುದು, ಆಕೆಗೆ ತಲುಪಿಸುತ್ತೇವೆ. ಚಿಲಕ, ಬ್ಯಾಂಕು, ವಾಪಸ್ ಟಿಕೆಟ್ಟು, ಈ ಮೂರಕ್ಕೂ ಉತ್ತರ ಆ ಪತ್ರದಲ್ಲೇ ಇರಲಿ.