ಹೂಮಳೆ ದಿಕ್ಕು ತಪ್ಪುತ್ತಿರುವುದಕ್ಕೆ ಮನುಷ್ಯನೇ ಕಾರಣವೇ?

ಪ್ರಶ್ನೆ – ಬೆಳೆಗಾರ, ಮೂಡಿಗೆರೆ
ನಮ್ಮದು ಅರೇಬಿಕಾ ಕಾಫಿ ತೋಟ. ಹೂ ಅರಳಿಸುವ ಹೂಮಳೆ ಬಂದರೆ ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಇಲ್ಲ, ಬೇಡದ ಮಳೆ ಕೊಯ್ಲಿನ ಹೊತ್ತಿಗೆ. 2021ರ ಜನವರಿಯಲ್ಲಿ ಕಣದಲ್ಲಿ ಹರಡಿದ್ದ ಕಾಫಿ ನೆನೆದದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ದೊಡ್ಡಪ್ಪ ಮಾತ್ರ ‘ಇದೆಲ್ಲ ಸೂರ್ಯನ ಆಟ, ಮಳೆ ಯಾವತ್ತು ಹೇಳಿದ ಮಾತು ಕೇಳಿದೆ?’ ಎನ್ನುತ್ತಾರೆ. ಅರೇಬಿಕಾ ಕಿತ್ತು, ಮರ ಕಡಿದು ರೊಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ ಹಾಕಿ ಎನ್ನುವವರೂ ಇದ್ದಾರೆ. ತಿಳಿದವರು ಹೇಳಿ.

ಉತ್ತರ – ನಿವೃತ್ತ ವಿಜ್ಞಾನ ಶಿಕ್ಷಕಿ, ಸಕಲೇಶಪುರ
ಒಂದು ವರ್ಷದ ಮಳೆ ಹೆಚ್ಚುಕಡಿಮೆಯಾಗಲು ಎಲ್ ನಿನೋದಂತಹ (ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯಾಗುವುದು) ಕಾರಣಗಳು ಇದ್ದೇ ಇರುತ್ತವೆ. ಅಷ್ಟರ ಮಟ್ಟಿಗೆ ನಿಮ್ಮ ದೊಡ್ಡಪ್ಪನವರ ಮಾತು ಸರಿ. ಆದರೆ ಇಡೀ ಭೂಮಿ ಬಿಸಿಯಾಗುತ್ತಿರುವುದನ್ನು ಸೂರ್ಯನ ತಲೆಗೆ ಕಟ್ಟಲಾಗದು. 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ, ಅದು ಏರುತ್ತಾ ಹೋಗಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅಲ್ಲಿ ತಂಪಾಗುತ್ತಿದೆ, ಕೆಳಗೆ ಬಿಸಿಯೇರುತ್ತಿದೆ! ಶಾಖ ಹಿಡಿದಿಡುವ ಅನಿಲ ಹೆಚ್ಚಾದಾಗ ಮಾತ್ರ ಹೀಗಾಗುತ್ತದೆ.

ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಹೆಚ್ಚಿದ್ದು ಮುಖ್ಯವಾಗಿ ಕಲ್ಲಿದ್ದಲು, ತೈಲ ಸುಟ್ಟದ್ದರಿಂದ ಎಂಬುದನ್ನು ಆ ಇಂಗಾಲದ ಐಸೊಟೋಪುಗಳೇ (ತೂಕದಲ್ಲಿ ಬೇರೆಬೇರೆಯಾದ ಇಂಗಾಲದ ಪರಮಾಣುಗಳು) ತೋರಿಸುತ್ತವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಸುರಿಯುವಾಗ ಒಮ್ಮೆಲೇ ಸುರಿಯುವುದು ಅದಕ್ಕೇ.

ಉತ್ತರ – ಬೆಳೆಗಾರ, ಆಲ್ದೂರು
ಅಮೆರಿಕ, ಯುರೋಪಿನವರು ನೂರಾರು ವರ್ಷ ಕಲ್ಲಿದ್ದಲು ಸುಟ್ಟರು. ಮರದ ನೆರಳಲ್ಲಿ ಕಾಫಿ ಬೆಳೆದ ನಾವು ಯಾಕೆ ಅನುಭವಿಸಬೇಕು?

ಉತ್ತರ – ನಿವೃತ್ತ ವಿಜ್ಞಾನ ಶಿಕ್ಷಕಿ, ಸಕಲೇಶಪುರ
ನಿಮ್ಮ ಸಿಟ್ಟು ನ್ಯಾಯವಾದದ್ದು. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಇಂದಿಗೂ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಹಾಗೆಂದು ಇರುವ ನೆರಳನ್ನು ನಾವೇ ಕಡಿದರೆ ಪೆಟ್ಟಿನ ಮೇಲೆ ಪೆಟ್ಟು. ಬಿಸಿಲು ಬಿದ್ದ ಅರೇಬಿಕಾ ಗಿಡವನ್ನೇ ಬಿಳಿ ಕಾಂಡಕೊರಕ ಹುಳು ಹುಡುಕಿಕೊಂಡು ಬರುತ್ತದೆ. ರೊಬಸ್ಟಾಕ್ಕೆ ಆ ಹುಳುವಿನ ಕಾಟ ಅಷ್ಟಿಲ್ಲ, ನಿಜ. ಆದರೆ ಹೂಮಳೆ, ಬ್ಯಾಕಿಂಗ್ ಮಳೆ ಕೈಕೊಟ್ಟರೆ ಅದಕ್ಕೆ ಸ್ಪ್ರಿಂಕ್ಲರ್ ನೀರು ಬೇಕೇ ಬೇಕು. ಏಪ್ರಿಲ್‌ನಲ್ಲಿ ನಿಮ್ಮ ಕೆರೆಯಲ್ಲಿ ನೀರು ಎಷ್ಟಿರುತ್ತದೆ ಎಂದು ನೋಡಿಕೊಂಡು ತೀರ್ಮಾನಿಸಿ.

ಪ್ರಶ್ನೆ ಕೇಳಿದವರು – ಮೂಡಿಗೆರೆ
ಕೆರೆ ಮಾರ್ಚ್‌ನಲ್ಲೇ ತಳ ಕಾಣುತ್ತದೆ, ಮೇಡಂ. ಹಾಗಾದರೆ ರೊಬಸ್ಟಾ ಬೇಡ. ನೆರಳಿನ ಹಾಲುವಾಣ ಮರ ಸತ್ತ ಕಡೆ ಬರೀ ಸಿಲ್ವರ್ ಓಕ್ ಮರ ನೆಟ್ಟರೆ ಸಾಕೇ?

ಉತ್ತರ – ನಿವೃತ್ತ ವಿಜ್ಞಾನ ಶಿಕ್ಷಕಿ, ಸಕಲೇಶಪುರ
ಸಾಲದು. ಅತ್ತಿ, ಹಲಸು, ನೇರಳೆ ಸೇರಿಸಿ. ಮುಂಗಾರು ಹಿಡಿದ ಕೂಡಲೇ ನೆಡಿ.